ಗುಡ್ಡದ ಮಣ್ಣು: ಲೆಕ್ಕಕ್ಕೆ ಬಾರದ ಬಂಡವಾಳ

ಮಾರ್ಚ್ ಮುಗಿಯುತ್ತಲೇ ಪ್ರತಿಯೊಬ್ಬ ಉದ್ಯಮಿಯೂ ತನ್ನ ಯಂತ್ರೋಪಕರಣಗಳ ಸವಕಳಿಯನ್ನು ಲೆಕ್ಕಹಾಕಿ ಲಾಭದಿಂದ ಕಳೆಯುತ್ತಾನೆ. ಹಾಗೆ ಕಳೆಯದೆ ತೋರಿಸಿದ ಲಾಭ ಲಾಭವೇ ಅಲ್ಲ. ಅದು ಬಂಡವಾಳವನ್ನೇ ಕರಗಿಸಿ ಉಂಡ ಊಟ. ಮಣ್ಣು ಕೊಚ್ಚಿಹೋಗುವುದಕ್ಕೂ ಕನ್ನಡದಲ್ಲಿ ‘ಸವಕಳಿ’ ಎಂಬ ಹೆಸರೇ ಇದೆ. ಆದರೆ ಈ ಎರಡನೆಯ ಸವಕಳಿಗೆ ಯಾವ ಖಾತೆಪುಸ್ತಕದಲ್ಲಿಯೂ ಜಾಗವಿಲ್ಲ.

ಬಂಕಾಪುರದಿಂದ ಪೂರ್ವಕ್ಕೆ ಸಾಗಿದಂತೆ ಮಲೆನಾಡಿನ ಸೆರಗು ಹಿಂದೆ ಸರಿದು ಶಿರಹಟ್ಟಿ, ಮುಂಡರಗಿಗಳ ಒಣಸೀಮೆ ತೆರೆದುಕೊಳ್ಳುತ್ತದೆ. ಅಲ್ಲಿಯ ಕಲ್ಲುಗುಡ್ಡಗಳ ಇಳಿಜಾರಿನಲ್ಲಿ ಮಣ್ಣಿನ ಪದರ ತೀರ ತೆಳು. ಅದರ ಕೆಳಗೆ ಗರಸು, ಬಂಡೆ. ಆ ಪದರವನ್ನು ಹಿಡಿದಿಟ್ಟಿರುವುದು ಹುಲ್ಲು, ತಂಗಡಿ, ಬಂದರಿಕೆ, ಕವಳಿಯಂಥ ಕುರುಚಲು ಸಸ್ಯಗಳ ಬೇರು. ಕಂದಾಯ ದಾಖಲೆಯಲ್ಲಿ ಇಂಥ ಭೂಮಿಯ ಹೆಸರು ‘ಖರಾಬು’. ಗಿಡಗಂಟಿ ಕಿತ್ತು, ಮೇಲಿನಿಂದ ಕೆಳಕ್ಕೆ ನೇಗಿಲು ಹೊಡೆದರೆ ಅಥವಾ ಗರಸಿಗಾಗಿ ಅಗೆದರೆ, ನಾಲ್ಕಾರು ಬಿರುಮಳೆಗಳು ಸಾಕು, ಮಣ್ಣು ಹಳ್ಳದ ಪಾಲು. ಒಂದು ಅಂಗುಲ ಮೇಲ್ಮಣ್ಣು ಮೂಡಲು ಶತಮಾನಗಳೇ ಬೇಕು.

ಹೋದ ಮಣ್ಣು ಎಲ್ಲಿಗೆ ಸೇರಿತೆಂಬುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಅದರ ಸಾಮರ್ಥ್ಯವು ಹೂಳಿನಿಂದ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಅಂದರೆ ಐದರಲ್ಲಿ ಒಂದು ಪಾಲು ನಷ್ಟ. ಈ ಹೂಳು ಒಂದೇ ಸೀಮೆಯದಲ್ಲ, ಒಂದೇ ಕಾರಣದ್ದೂ ಅಲ್ಲ. ವರದೆಯೂ ತುಂಗಭದ್ರೆಗೇ ಸೇರುವುದರಿಂದ ಹಾವೇರಿ ಜಿಲ್ಲೆಯ ಇಳಿಜಾರುಗಳೂ ಅದರಲ್ಲಿ ಪಾಲುದಾರರೇ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಭವಿಷ್ಯ ಆ ನೀರಿನ ಮೇಲೆಯೇ ನಿಂತಿದೆ.

ಉಳಿಸಿಕೊಂಡ ಉದಾಹರಣೆಗಳೂ ಇವೆ. ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ಸರಕಾರ 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಹಿಂತೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮೊದಲಾದವರ ಹೋರಾಟದಿಂದ 2017ರಲ್ಲಿ ಆ ರಕ್ಷಣೆ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಬಂಕಾಪುರದ ಕೋಟೆ ಗುಡ್ಡವಲ್ಲದಿದ್ದರೂ ಅದೇ ಪಾಠ ಹೇಳುತ್ತದೆ. ಕೋಟೆಯೊಳಗಿನ ಹುಲ್ಲು, ಕುರುಚಲನ್ನು ಹಾಗೆಯೇ ಬಿಟ್ಟಿದ್ದರಿಂದ ಅಲ್ಲಿ ನವಿಲುಗಳು ನೆಲೆಸಿದವು, 2006ರಲ್ಲಿ ಅದು ನವಿಲುಧಾಮವಾಯಿತು, ಖಿಲಾರಿ ತಳಿಯ ದನಗಳಿಗೂ ಅಲ್ಲಿಯೇ ಆಸರೆ.

ಕಟ್ಟಡಕ್ಕೆ ಕಲ್ಲು ಬೇಡವೆ, ಬಡವನಿಗೆ ಹೊಲ ಬೇಡವೆ ಎಂಬ ಪ್ರಶ್ನೆ ನ್ಯಾಯವಾದುದೇ. ಕಲ್ಲು ಬೇಕು, ಅದು ಪರವಾನಗಿ ಇದ್ದಲ್ಲಿಂದ ಬರಲಿ. ಹೊಲವೂ ಬೇಕು, ತಗ್ಗಿನಲ್ಲಿ ಅಡ್ಡಲಾಗಿ ಒಡ್ಡು ಹಾಕಿ ಉಳಲಿ, ಕಡಿದಾದ ನೆತ್ತಿಯನ್ನು ಹುಲ್ಲಿಗೆ ಬಿಡಲಿ. ಹುಲ್ಲೂ ಆದಾಯವೇ, ಹೈನುಗಾರಿಕೆ ನಿಂತಿರುವುದು ಮೇವಿನ ಮೇಲೆ.

ಕಂಪನಿ ಕಾಯಿದೆ, 2013 ಸಾಮಾಜಿಕ ಹೊಣೆಗಾರಿಕೆಯ ವೆಚ್ಚವನ್ನು ಕಡ್ಡಾಯ ಮಾಡಿರುವುದು ದೊಡ್ಡ ಕಂಪನಿಗಳಿಗೆ ಮಾತ್ರ. ಸಣ್ಣ ಉದ್ದಿಮೆದಾರರಿಗೆ ಅಂಥ ಕಟ್ಟುಪಾಡಿಲ್ಲ. ಆದರೂ ಗರಸು, ಜಲ್ಲಿ ಕೊಳ್ಳುವಾಗ ರಾಜಧನ ಕಟ್ಟಿದ ರಸೀದಿಯನ್ನು ಕೇಳಿ ಪಡೆಯುವುದಕ್ಕೆ ಯಾವ ವೆಚ್ಚವೂ ಇಲ್ಲ. ಅದನ್ನು ವಾಡಿಕೆಯಾಗಿಸುವ ಠರಾವನ್ನು ವಾಣಿಜ್ಯ ಸಂಸ್ಥೆಗಳು ತಮ್ಮ ಮುಂದಿನ ಸಭೆಯಲ್ಲಿಯೇ ಕೈಗೊಳ್ಳಬಹುದು. ಯಂತ್ರ ಸವೆದರೆ ಹೊಸದನ್ನು ಕೊಳ್ಳಬಹುದು; ಸವೆದ ಗುಡ್ಡವನ್ನು ಮಾರುವ ಅಂಗಡಿ ಯಾವ ಪೇಟೆಯಲ್ಲಿಯೂ ಇಲ್ಲ.