ಹವಾಮಾನದವರು ಸುಳ್ಳು ಹೇಳಿಲ್ಲ, ನಾವು ಪೂರ್ತಿ ಓದಿಲ್ಲ

1/5
ಬೆಳಿಗ್ಗೆ ಧಾರವಾಡ ಜಿಲ್ಲೆಗೆ ಆರೆಂಜ್ ಅಲರ್ಟ್. ಸಂಜೆತನಕ ವಿದ್ಯಾನಗರದಾಗ ಒಂದು ಹನಿ ಬೀಳಲಿಲ್ಲ. ತಗೋರಿ, ಕ್ಲಾಸ್ ಗ್ರೂಪ್ ತುಂಬ ಮೀಮು: 'ಇಲಾಖೆ ಮಳೆ ಅಂದ್ರ ಛತ್ರಿ ಮನ್ಯಾಗ ಬಿಡ್ರಿ.'
ಹೋದ ವರ್ಷ ಏಪ್ರಿಲ್‌ನಲ್ಲಿ ಇಂಥದ್ದೇ ಮೀಮು ನಾನೂ ಹಾಕಿದ್ದೆ. ಎರಡು ದಿನಕ್ಕೆ ಕ್ರಿಕೆಟ್ ಮ್ಯಾಚ್. ಗುಡುಗು ಕೇಳ್ತಿತ್ತು. 'ಇನ್ನೆರಡು ಓವರ್ ಅಷ್ಟೇ' ಅಂದ್ರು, ನಾವೂ ಆಡಿದ್ವಿ. ಬೌಂಡರಿ ಆಚೆಯ ತೆಂಗಿನ ಮರಕ್ಕೆ ಸಿಡಿಲು ಬಡೀತು. ಹತ್ತು ನಿಮಿಷದ ಹಿಂದೆ ಅದರ ಬುಡದಾಗ ಕೂತು ಪ್ಯಾಡ್ ಕಟ್ಟಿಕೊಂಡವನು ನಾನೇ. ಅವತ್ತಿಂದ ಮೀಮು ಬಂದ್.

2/5
ಉಣಕಲ್‌ದಾಗ ಮಳಿ, ಕೊಪ್ಪಿಕರ ರೋಡಿನ್ಯಾಗ ಧೂಳು. ಇದು ನಮಗೇನು ಹೊಸದಾ? ಬೇಸಿಗೆಯ ಅಡ್ಡಮಳೆಯ ಸ್ವಭಾವಾನೇ ಅದು. ಮುಂಜಾನೆಯಿಂದ ಬಿಸಿಲು ನೆಲ ಕಾಯಿಸ್ತದೆ. ಅರಬ್ಬಿ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟ ಏರಿ ಈ ಕಡೆ ಬರ್ತದೆ. ಕಾದ ಗಾಳಿ ಮೇಲಕ್ಕೆ ನುಗ್ಗಿ, ಮಧ್ಯಾಹ್ನದ ಮೇಲೆ ಮೋಡ ಗೋಪುರದಂತೆ ಬೆಳೀತದೆ. ಇಷ್ಟನ್ನು ಮುಂಜಾನೆ ಹೇಳಬಹುದು. ಆದರೆ ಒಂದು ಗುಡುಗುಮೋಡದ ಅಗಲ ಕೆಲವೇ ಕಿ.ಮೀ., ಆಯಸ್ಸು ಹೆಚ್ಚೂಕಡಿಮೆ ಒಂದು ತಾಸು. ಅದು ನಿಮ್ಮ ಓಣಿಯ ಮೇಲೇ ಹುಟ್ಟುತ್ತಾ? ಅದನ್ನು ಮುಂಜಾನೆ ಯಾವ ದೇಶದವರೂ ಹೇಳಲಾರರು.
ಅದಕ್ಕೇ ಆರೆಂಜ್ ಅಂದರೆ 'ಮಳೆ ಗ್ಯಾರಂಟಿ' ಅಲ್ಲ, 'ಸಿದ್ಧರಾಗಿರಿ' ಅಂತ.

3/5
ಬಿಕಾಂ ದೋಸ್ತರೇ, ಪ್ರಾಬಬಿಲಿಟಿ ಓದಿದವರು ನಾವು. ವರ್ಷಪೂರ್ತಿ ಗಾಡಿಗೆ ಆಕ್ಸಿಡೆಂಟ್ ಆಗಲಿಲ್ಲ ಅಂತ ಇನ್ಶೂರೆನ್ಸ್ ಕಂಪನಿಯನ್ನು ಸುಳ್ಳ ಅಂತೀವಾ? ಅಲರ್ಟ್ ಹುಸಿಯಾದರೆ ಹೋಗೋದು ಒಂದು ತಾಸಿನ ಆಟ. ಅದೇ ಪ್ರೀಮಿಯಂ. ಅಲರ್ಟ್ ಖರೆ ಆಗಿ ನಾವು ಬಯಲಿನಲ್ಲಿದ್ದರೆ? ಆ ಲಾಸ್ ಯಾವ ಲೆಡ್ಜರ್‌ನಲ್ಲಿ ಬರೀತೀರಿ?

4/5
'ಹಂಗಾರ ದಿನಾ ಮನ್ಯಾಗ ಕೂಡೋಣೇನು?' ಬ್ಯಾಡ್ರಿ. ಮುಂಜಾನೆಯ ಅಲರ್ಟ್ ಅರ್ಧ ಮಾತಷ್ಟೇ. ಉಳಿದರ್ಧ ಮಧ್ಯಾಹ್ನ ಬರ್ತದೆ: ರಡಾರ್ ನೋಡಿ ಇಲಾಖೆ ಮುಂದಿನ 3 ತಾಸಿನ ಮುನ್ಸೂಚನೆ ಕೊಡ್ತದೆ. ಪುಣೆಯ ಐಐಟಿಎಂ ಮಾಡಿದ 'ದಾಮಿನಿ' ಆ್ಯಪ್ ನಿಮ್ಮ ಸುತ್ತ ಎಲ್ಲಿ ಸಿಡಿಲು ಬೀಳ್ತಿದೆ ಅಂತ ತೋರಿಸ್ತದೆ. ಸ್ಕೋರ್ ನೋಡಲು ನೂರು ಸಲ ಫೋನ್ ತೆಗೀತೀವಿ, ಇದಕ್ಕೆ ಒಂದು ಸಲ ಆಗಲ್ವಾ?
ಮತ್ತೆ ಟೂರ್ನಮೆಂಟ್ ಆಡಿಸೋರೇ, ಬ್ಯಾಡ್ ಲೈಟ್‌ಗೆ ಆಟ ನಿಲ್ಲಿಸ್ತೀರಿ, ಗುಡುಗಿಗೆ ಯಾಕೆ ನಿಲ್ಲಿಸಲ್ಲ?

5/5
ಫೋನೂ ಬೇಡವೆ? ಎಣಿಸಿರಿ. ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡ್ ಅಂದರೆ ಸುಮಾರು 1 ಕಿ.ಮೀ. 30 ಸೆಕೆಂಡಿನೊಳಗೆ ಗುಡುಗಿದರೆ ಪಕ್ಕಾ ಕಟ್ಟಡದೊಳಗೆ ಹೋಗಿ, ಮರದ ಕೆಳಗಲ್ಲ. ಕೊನೆಯ ಗುಡುಗಾಗಿ 30 ನಿಮಿಷ ಹೊರಗೆ ಬರಬೇಡಿ. ನೃಪತುಂಗ ಬೆಟ್ಟದ ಮೇಲೆ ಕರಿಮೋಡದ ರೀಲ್ಸ್ ಮಾಡೋರೇ, ನಿಮಗೇ ಹೇಳಿದ್ದು.
ಹೊಲದಾಗಿರೋ ಅಪ್ಪಗ, ಕುರಿ ಕಾಯೋ ಕಾಕಾಗ ಈ ಲೆಕ್ಕ ಇವತ್ತೇ ಫೋನ್ ಮಾಡಿ ಹೇಳ್ರಿ. ಅವರಿಗೆ ಈ ಪೋಸ್ಟ್ ಮುಟ್ಟಲ್ಲ, ನಿಮ್ಮ ಮಾತು ಮುಟ್ಟುತ್ತೆ.

#ಹುಬ್ಬಳ್ಳಿ #ವಿದ್ಯಾನಗರ #ಅಡ್ಡಮಳೆ