ಮೊಲ ಸುಟ್ಟು ಮನುಷ್ಯ ಅಂದ್ರು!

ಷರ್ಲಾಕ್ ಹೋಮ್ಸ್ ಮೇಲೆ ತಕರಾರು ತೆಗೆದರೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತೆ ಅಂತ ಗೊತ್ತು. ಆದ್ರೂ ಇದು ಬಹಳ ದಿನದಿಂದ ಕೊರೀತಾ ಇದೆ, ಹೇಳಿಬಿಡ್ತೀನಿ.

1903ರಲ್ಲಿ ಬಂದ 'ನಾರ್‌ವುಡ್ ಬಿಲ್ಡರ್' ಕಥೆ ಓದಿದ್ದೀರಲ್ಲ? ಓಲ್ಡೇಕರ್ ಅನ್ನೋ ಕಟ್ಟಡ ಕಂಟ್ರಾಕ್ಟರ್ ರಾತ್ರೋರಾತ್ರಿ ಮಾಯ. ಮನೆ ಹಿಂದೆ ಪೇರಿಸಿದ್ದ ಮರದ ರಾಶಿ ಉರಿದು ಬೂದಿ. ಬೂದಿಯಲ್ಲಿ ಸುಟ್ಟು ಕರಕಲಾದ ಅವಶೇಷ. ಅವನ ಆಸ್ತಿ ಉಯಿಲಿನಲ್ಲಿ ಯಾರ ಹೆಸರಿಗಿತ್ತೋ ಆ ಹುಡುಗ, ವಕೀಲ ಮ್ಯಾಕ್‌ಫರ್ಲೇನ್, ನೇಣಿಗೆ ಹತ್ತಿರ. ಆಮೇಲೆ ಗೋಡೆ ಮೇಲೆ ರಕ್ತದ ಹೆಬ್ಬೆಟ್ಟು.

ಎಲ್ಲರೂ ಹೊಗಳೋದು ಹೆಬ್ಬೆಟ್ಟನ್ನೇ. ಹೊಗಳಬೇಕಾದ್ದೇ ಬಿಡಿ. ಅರಗಿನ ಮುದ್ರೆಯಲ್ಲಿ ಉಲ್ಟಾ ಮೂಡಿದ ಗೆರೆ ಮೇಣದ ಅಚ್ಚಿನಲ್ಲಿ ಮತ್ತೆ ಸೀದಾ ಆಗುತ್ತೆ, ಲೆಕ್ಕ ಸರಿ ಇದೆ. ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಬೆರಳಚ್ಚು ವಿಭಾಗ ಶುರುವಾಗಿದ್ದೇ 1901ರಲ್ಲಿ. ಎರಡೇ ವರ್ಷಕ್ಕೆ ಅದನ್ನು ಅನುಮಾನಿಸಿದ ಡಾಯ್ಲ್‌ಗೆ ಶಭಾಷ್.

ನನ್ನ ಜಗಳ ಬೂದಿ ಜೊತೆ. ಓಲ್ಡೇಕರ್ ಬದುಕೇ ಇದ್ದ, ಮನೆಯಲ್ಲೇ ಗುಟ್ಟಿನ ಕೋಣೆಯಲ್ಲಿ. ಹಾಗಾದ್ರೆ ಸುಟ್ಟಿದ್ದೇನು? ಒಂದೆರಡು ಮೊಲ ಇರಬಹುದು ಅಂತ ಕೊನೆಯಲ್ಲಿ ಹೋಮ್ಸ್ ಊಹೆ ಮಾಡಿ ಕೈ ತೊಳ್ಕೋತಾನೆ.

ಮೊಲ! ನಮ್ಮಲ್ಲಿ ಸ್ಮಶಾನಕ್ಕೆ ಅಸ್ಥಿ ಆಯೋಕೆ ಹೋದ ಯಾರನ್ನಾದ್ರೂ ಕೇಳಿ. ಅಷ್ಟು ಸೌದೆ, ತುಪ್ಪ ಸುರಿದು ಸುಟ್ಟರೂ ಮೂಳೆ ಉಳಿಯುತ್ತೆ, ಹಲ್ಲು ಉಳಿಯುತ್ತೆ. ಇಂಗ್ಲೆಂಡಿನವರಿಗೆ ಚಿತೆ ಹೊಸದು ನಿಜ, ವೋಕಿಂಗ್‌ನ ಚಿತಾಗಾರದಲ್ಲಿ ಮೊದಲ ದಹನ ಆಗಿದ್ದು 1885ರಲ್ಲಿ. ಆದ್ರೆ ಡಾಯ್ಲ್ ಸ್ವತಃ ಡಾಕ್ಟರ್ ಮಾರಾಯ್ರೆ! 1849ರಲ್ಲೇ ಬಾಸ್ಟನ್‌ನಲ್ಲಿ ಪಾರ್ಕ್‌ಮನ್ ಕೊಲೆಯಾದಾಗ, ಕುಲುಮೆಯಲ್ಲಿ ಸಿಕ್ಕ ಕಟ್ಟಿಸಿದ ಹಲ್ಲನ್ನು ದಂತವೈದ್ಯ ಗುರುತಿಸಿ, ಪ್ರೊಫೆಸರ್ ವೆಬ್‌ಸ್ಟರ್‌ಗೆ ನೇಣಾಗಿತ್ತು.

ಹೋಮ್ಸ್ ಬೂದಿಯಲ್ಲಿ ಸಿಕ್ಕ ಪ್ಯಾಂಟಿನ ಗುಂಡಿಗಳನ್ನು ಪರೀಕ್ಷೆ ಮಾಡ್ತಾನೆ, ದರ್ಜಿಯ ಹೆಸರನ್ನೂ ಓದ್ತಾನೆ. ತಲೆಬುರುಡೆ ಎಲ್ಲಿ ಅಂತ ಮಾತ್ರ ಕೇಳಲ್ಲ. ಕೇಳಿದ್ರೆ ಮೊದಲ ದಿನವೇ ಹುಡುಗ ಮನೆಗೆ.

"ಹಾಗೆ ಕೇಳಿದ್ರೆ ಕಥೆ ಎಲ್ಲಿರುತ್ತೆ ಗುರೂ" ಅಂತೀರಾ. ಇರುತ್ತೆ. ವೈದ್ಯ ವಿದ್ಯಾರ್ಥಿಗಳು ಓದೋಕೆ ಅಸ್ಥಿಪಂಜರ ಕೊಳ್ತಿದ್ದ ಕಾಲ ಅದು. ಓಲ್ಡೇಕರ್ ಹತ್ರ ದುಡ್ಡಿತ್ತು. ಒಂದನ್ನು ಕೊಂಡು ಮರದ ರಾಶಿಗೆ ಸೇರಿಸಿದ್ದ ಅಂತ ಒಂದೇ ಸಾಲು ಬರೆದಿದ್ರೆ ನಾನು ಬಾಯಿ ಮುಚ್ಕೊಂಡು ಓದ್ತಿದ್ದೆ :-)