ಸುಣ್ಣದ ಶಾಖಕ್ಕೂ ಜಮಾ-ಖರ್ಚು ಇದೆ

ರಂಜಾನ್ ಇರಲಿ, ದಸರಾ ಇರಲಿ, ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹಳೆಯ ಮನೆಗಳಲ್ಲಿ ಹಬ್ಬಕ್ಕೆ ಮೊದಲು ಗೋಡೆಗೆ ಸುಣ್ಣ ಬಳಿಯುತ್ತಾರೆ. ಸುಣ್ಣದ ಹರಳಿಗೆ ನೀರು ಬಿದ್ದ ಕೂಡಲೇ ಅದು ಬುಸುಗುಟ್ಟಿ ಕೊತಕೊತ ಕುದಿಯುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ. ಹಾಗಾದರೆ ಈ ಶಾಖ ಎಲ್ಲಿಂದ ಬಂತು? ಇದು ಸೈನ್ಸ್‌ನವರ ಪ್ರಶ್ನೆ ಎಂದು ಕಾಮರ್ಸ್, ಆರ್ಟ್ಸ್‌ನವರು ಸುಮ್ಮನಿರಬಾರದು.

ಉತ್ತರ ಸುಣ್ಣದ ಭಟ್ಟಿಯಲ್ಲಿದೆ. ನಮ್ಮ ಭೀಮಾ ತೀರದ ನೆಲದಲ್ಲಿ ಸುಣ್ಣದ ಕಲ್ಲು ಹೇರಳ. ಹತ್ತಿರದ ವಾಡಿಯಲ್ಲಿ ಸಿಮೆಂಟ್ ತಯಾರಾಗುವುದೂ ಅದರಿಂದಲೇ. ಈ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಗ್ರಾಂ ಕಲ್ಲು ಹೀಗೆ ಒಡೆಯಲು ಸುಮಾರು 178 ಕಿಲೋಜೂಲ್ ಶಾಖ ಹೀರುತ್ತದೆ. ಇದು ಅಂತರುಷ್ಣಕ ಕ್ರಿಯೆ. ಅದರಿಂದ ಸಿಗುವ 56 ಗ್ರಾಂ ಸುಣ್ಣಕ್ಕೆ ನೀರು ಸೇರಿದಾಗ ಸುಮಾರು 65 ಕಿಲೋಜೂಲ್ ಹೊರಬರುತ್ತದೆ. ಇದು ಬಹಿರುಷ್ಣಕ ಕ್ರಿಯೆ. ಬಾಕಿ 113? ಗೋಡೆಯ ಮೇಲಿನ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗುವಾಗ ಅದೂ ಹೊರಬರುತ್ತದೆ. 65ಕ್ಕೆ 113 ಕೂಡಿಸಿ: 178. ದಾರಿ ಯಾವುದಾದರೂ ಶಾಖದ ಒಟ್ಟು ಲೆಕ್ಕ ಬದಲಾಗದು ಎಂದು ವಿಜ್ಞಾನಿ ಹೆಸ್ 1840ರಲ್ಲೇ ಹೇಳಿದ್ದರು. ಲೆಡ್ಜರ್ ಬರೆಯುವ ನಮಗೆ ಇದು ಹೊಸದಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಗೋಡೆ ತನ್ನ 113ನ್ನು ದಿನಗಟ್ಟಲೆ ಕಂತಿನಲ್ಲಿ ತೀರಿಸುತ್ತದೆ. ನಮ್ಮ ಕೈಗೆ ತಿಳಿಯುವುದೇ ಇಲ್ಲ. ಬಕೆಟ್‌ನಲ್ಲಿ 65 ಕೆಲವೇ ನಿಮಿಷಗಳಲ್ಲಿ ಒಂದೇ ಗಂಟಾಗಿ ಬರುತ್ತದೆ. ಒಂದು ಕಿಲೋ ಶುದ್ಧ ಸುಟ್ಟ ಸುಣ್ಣದ ಶಾಖ ಸುಮಾರು 3 ಲೀಟರ್ ನೀರನ್ನು ಕುದಿಸುವಷ್ಟಿದೆ. ಅಪಾಯ ಇರುವುದು ಇಲ್ಲೇ. ಹರಳಿನ ಮೇಲೆ ಸ್ವಲ್ಪವೇ ನೀರು ಸುರಿದರೆ ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಬಿಸಿಯ ಜೊತೆಗೆ ಕ್ಷಾರವೂ ಸುಡುತ್ತದೆ, ದೃಷ್ಟಿಯೇ ಹೋಗಬಹುದು.

ಇದನ್ನೆಲ್ಲ ಹತ್ತನೇ ತರಗತಿಯಲ್ಲೇ ಓದಿದ್ದೇವಲ್ಲ ಎನ್ನಬಹುದು. ಓದಿದ್ದು ಎರಡು ಅಂಕಕ್ಕೆ. ಸುಣ್ಣ ಕಲಸುವ ಅಮ್ಮಿ, ಚಾಚಿ, ಪಕ್ಕದಲ್ಲಿ ಇಣುಕಿ ನೋಡುವ ತಮ್ಮ ಆ ಪಾಠ ಓದಿಲ್ಲ. ಈಗ ಎಲ್ಲರೂ ಪೇಂಟ್ ಹಚ್ಚುತ್ತಾರೆ ಎಂಬ ಮಾತೂ ಪೂರ್ತಿ ನಿಜವಲ್ಲ. ಕಡಿಮೆ ಖರ್ಚಿನ ಮನೆಗಳಿಗೆ ಇಂದಿಗೂ ಸುಣ್ಣವೇ ಗತಿ.

ಆದ್ದರಿಂದ ನನ್ನ ಸಲಹೆ ಇಷ್ಟು. ಹಬ್ಬದ ರಜೆಗೆ ಮೊದಲು ನಮ್ಮ ಕಾಲೇಜಿನ ಕೆಮಿಸ್ಟ್ರಿ ವಿಭಾಗ ಅರ್ಧ ಗಂಟೆ ಸುಣ್ಣದ ಪ್ರಯೋಗವನ್ನು ಎಲ್ಲ ವಿಭಾಗಗಳಿಗೂ ತೋರಿಸಲಿ. ನಾಲ್ಕು ಮಾತುಗಳನ್ನು ಕನ್ನಡ ಮತ್ತು ಉರ್ದುವಿನಲ್ಲಿ ಚೀಟಿ ಮಾಡಿ ಮನೆಗೆ ಕಳಿಸೋಣ: ಹೆಚ್ಚು ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಪ್ಲಾಸ್ಟಿಕ್ ಬೇಡ, ಕಬ್ಬಿಣದ ಪಾತ್ರೆ ಬಳಸಿ. ಮಕ್ಕಳನ್ನು ದೂರವಿಡಿ. ಕಣ್ಣಿಗೆ ಬಿದ್ದರೆ ಉಜ್ಜದೆ, ತಕ್ಷಣ ಶುದ್ಧ ನೀರಿನಿಂದ ಕನಿಷ್ಠ 20 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ.

ಖರ್ಚು ಒಂದು ಹಿಡಿ ಸುಣ್ಣ, ಒಂದಿಷ್ಟು ಕಾಗದ. ಉಳಿತಾಯ ಒಂದು ಮಗುವಿನ ಕಣ್ಣು.